ಪದಚರ್ಚೆ: ಮಸಾಜ್ ವೃತ್ತಿಯವರು ಕೇಳಬೇಕಾದದ್ದು ಪರವಾನಗಿಯೋ, ಸನ್ನದೋ, ನೋಂದಣಿಯೋ?

ಬಳಗದ ಹಿರಿಯರಿಗೂ ಗೆಳೆಯರಿಗೂ ಮಡಿಕೇರಿಯಿಂದ ನಮಸ್ಕಾರ.

ನಮ್ಮ ಜಿಲ್ಲೆಯ ರೆಸಾರ್ಟು, ಹೋಮ್‌ಸ್ಟೇ ಮತ್ತು ಆಯುರ್ವೇದ ಕೇಂದ್ರಗಳಲ್ಲಿ ಮಸಾಜ್ ಮಾಡುವ ಕೆಲವರು ಸೇರಿ, ತಮ್ಮ ವೃತ್ತಿಗೆ ರಾಜ್ಯದಲ್ಲಿ ಒಂದು ಕಾನೂನು ಬೇಕೆಂದು ಮಡಿಕೇರಿ ಮತ್ತು ವಿರಾಜಪೇಟೆ ಕ್ಷೇತ್ರಗಳ ಶಾಸಕರಿಗೆ ಮನವಿ ಸಲ್ಲಿಸಲು ಸಿದ್ಧತೆ ನಡೆಸಿದ್ದಾರೆ. ಅದರ ಕನ್ನಡ ಕರಡನ್ನು ತಿದ್ದಿಕೊಡುವ ಹೊಣೆ ನನ್ನದು. ಕರಡಿನ ಉದ್ದಕ್ಕೂ ‘ಲೈಸೆನ್ಸ್’ ಎಂಬ ಮಾತು ಬಂದಿದೆ. ಒಂದು ಕಡೆ ಅದು ಅಂಗಡಿ ತೆರೆಯಲು ಸ್ಥಳೀಯ ಸಂಸ್ಥೆ ಕೊಡುವ ಅನುಮತಿ, ಇನ್ನೊಂದು ಕಡೆ ತರಬೇತಿ ಮುಗಿಸಿದವರಿಗೆ ಸಿಗುವ ಸರ್ಟಿಫಿಕೇಟು, ಮತ್ತೊಂದು ಕಡೆ ವಕೀಲರಿಗೂ ವೈದ್ಯರಿಗೂ ಇರುವಂಥ ವೃತ್ತಿಯ ಅಧಿಕಾರ. ಈ ಮೂರೂ ಬೇರೆ ಬೇರೆ ಎಂದು ಪದದಲ್ಲೇ ಕಾಣದಿದ್ದರೆ ಶಾಸಕರು ಮನವಿಯನ್ನು ಓದಿ, ‘ಲೈಸೆನ್ಸು ಈಗಾಗಲೇ ಇದೆಯಲ್ಲ’ ಎಂದು ಬದಿಗಿಡುವ ಸಾಧ್ಯತೆಯೇ ಹೆಚ್ಚು.

ಇಂಥ ಕೇಂದ್ರಗಳ ಗೋಡೆಯ ಮೇಲೆ ಕಟ್ಟು ಹಾಕಿಸಿ ತೂಗುಬಿಟ್ಟಿರುವ ಕಾಗದದ ಹೆಸರು ‘ಉದ್ದಿಮೆ ಪರವಾನಗಿ’. ಅದರಲ್ಲಿ ಮಾಲೀಕರ ಹೆಸರಿದೆ, ಕಟ್ಟಡದ ಸಂಖ್ಯೆಯಿದೆ, ಉದ್ದಿಮೆ ಯಾವುದೆಂಬ ವಿವರವಿದೆ, ಕಟ್ಟಿದ ಶುಲ್ಕ ಮತ್ತು ಅವಧಿ ಇದೆ. ಒಳಗೆ ಎಣ್ಣೆ ಬೆಚ್ಚಗೆ ಮಾಡಿಕೊಂಡು ಕೆಲಸಕ್ಕೆ ನಿಂತಿರುವ ಹೆಣ್ಣುಮಗಳ ಹೆಸರು ಅದರಲ್ಲಿಲ್ಲ; ಆಕೆ ಏನು ಕಲಿತಿದ್ದಾಳೆ, ಎಲ್ಲಿ ಕಲಿತಿದ್ದಾಳೆ ಎಂಬುದಂತೂ ಇಲ್ಲವೇ ಇಲ್ಲ. ಆಕೆ ನಾಳೆ ಕುಶಾಲನಗರದ ಕೆಲಸ ಬಿಟ್ಟು ಗೋಣಿಕೊಪ್ಪಲಿಗೆ ಹೋದರೆ ಆ ಕಾಗದ ಗೋಡೆಯಲ್ಲೇ ಉಳಿಯುತ್ತದೆ. ಪೊಲೀಸರು ವಿಚಾರಣೆಗೆ ಬಂದಾಗ ತಾನು ಕಸುಬು ಕಲಿತವಳು ಎಂದು ತೋರಿಸಲು ಆಕೆಯ ಬಳಿ ಸರ್ಕಾರ ಕೊಟ್ಟದ್ದು ಏನೂ ಇರುವುದಿಲ್ಲ. ಮನವಿಯ ಜೀವ ಇರುವುದು ಇಲ್ಲಿಯೇ, ಆದ್ದರಿಂದ ಪದವೂ ಇಲ್ಲಿಯೇ ಖಚಿತವಾಗಬೇಕು.

ಕಾನೂನಿನ ನೆಲೆಯನ್ನೂ ಚಿಕ್ಕದಾಗಿ ಹೇಳಿಬಿಡುತ್ತೇನೆ. ಸಂವಿಧಾನದ 19(1)(ಜಿ) ಯಾವುದೇ ವೃತ್ತಿ ಕೈಗೊಳ್ಳುವ ಹಕ್ಕನ್ನು ಕೊಟ್ಟರೆ, 19(6) ಆ ವೃತ್ತಿಗೆ ಬೇಕಾದ ತಾಂತ್ರಿಕ ಅಥವಾ ವೃತ್ತಿಪರ ಅರ್ಹತೆಯನ್ನು ಗೊತ್ತುಪಡಿಸುವ ಅಧಿಕಾರವನ್ನು ಸರ್ಕಾರಕ್ಕೆ ಉಳಿಸಿದೆ. ಏಳನೆಯ ಅನುಸೂಚಿಯ ಸಮವರ್ತಿ ಪಟ್ಟಿಯ (ಕೇಂದ್ರವೂ ರಾಜ್ಯಗಳೂ ಕಾನೂನು ಮಾಡಬಹುದಾದ ವಿಷಯಗಳ ಪಟ್ಟಿ) 26ನೇ ನಮೂದಿನಲ್ಲಿ ‘ಕಾನೂನು, ವೈದ್ಯಕೀಯ ಮತ್ತು ಇತರ ವೃತ್ತಿಗಳು’ ಎಂದಿರುವುದರಿಂದ ರಾಜ್ಯದ ವಿಧಾನಮಂಡಲವೂ ಈ ಬಗ್ಗೆ ಕಾನೂನು ಮಾಡಬಹುದು. 2021ರ ರಾಷ್ಟ್ರೀಯ ಸಂಯೋಜಿತ ಮತ್ತು ಆರೋಗ್ಯ ಆರೈಕೆ ವೃತ್ತಿಗಳ ಆಯೋಗ ಅಧಿನಿಯಮದಲ್ಲಿ ಫಿಸಿಯೋಥೆರಪಿಗೆ ಸ್ಥಾನವಿದೆ, ಮಸಾಜ್‌ಗೆ ಪ್ರತ್ಯೇಕ ಸ್ಥಾನವಿಲ್ಲ. ಸೌಂದರ್ಯ ಮತ್ತು ಸ್ವಾಸ್ಥ್ಯ ವಲಯದ ಕೌಶಲ ಮಂಡಳಿಯು ಸ್ಪಾ ಥೆರಪಿಸ್ಟರಿಗೆ ಕೊಡುವ ಪ್ರಮಾಣಪತ್ರವಿದೆಯಾದರೂ, ಅದು ಕಲಿಕೆಗೆ ಸಾಕ್ಷಿಯೇ ಹೊರತು ಅದಿಲ್ಲದವರು ಈ ಕೆಲಸ ಮಾಡಬಾರದೆಂಬ ಕಟ್ಟು ಇಲ್ಲ.

ಕರಡು ಬರೆದವರು ಅಮೆರಿಕದ ರಾಜ್ಯಗಳ ಉದಾಹರಣೆಗಳನ್ನು ಕೊಟ್ಟಿದ್ದಾರೆ, ಮತ್ತು ಪದಗಳ ವ್ಯತ್ಯಾಸ ಅಲ್ಲಿ ಬಹಳ ಸ್ಪಷ್ಟವಾಗಿದೆ. ನ್ಯೂಯಾರ್ಕಿನಲ್ಲಿ 1000 ಗಂಟೆಗಳ ಶಿಕ್ಷಣ ಮುಗಿಸಿ ಪರೀಕ್ಷೆಯಲ್ಲಿ ತೇರ್ಗಡೆಯಾಗದವರು ಹಣ ಪಡೆದು ಮಸಾಜ್ ಮಾಡುವುದೇ ಅಪರಾಧ. ಅಲ್ಲಿ ನಿಷೇಧ ಮೊದಲು, ಅನುಮತಿ ಆಮೇಲೆ. ಕ್ಯಾಲಿಫೋರ್ನಿಯಾದಲ್ಲಿ ರಾಜ್ಯ ಮಟ್ಟದ ಮಂಡಳಿಯ ಪ್ರಮಾಣಪತ್ರ ಪಡೆಯುವುದು ಅವರವರ ಇಚ್ಛೆಗೆ ಬಿಟ್ಟದ್ದು. ಅದಕ್ಕೆ 500 ಗಂಟೆಗಳ ಕಲಿಕೆ ಬೇಕು, ಪಡೆದವರಿಗಷ್ಟೇ ಆ ಪದನಾಮ ಹಾಕಿಕೊಳ್ಳುವ ಹಕ್ಕು, ಉಳಿದವರನ್ನು ಆಯಾ ಊರಿನ ಕಟ್ಟಳೆಗಳು ನೋಡಿಕೊಳ್ಳುತ್ತವೆ. ವರ್ಮಾಂಟಿನಲ್ಲಿ ಇರುವುದು ಬರೀ ನೋಂದಣಿ, ಅಂದರೆ ಈ ಕೆಲಸ ಮಾಡುವವರು ಯಾರೆಂದು ಸರ್ಕಾರಕ್ಕೆ ಗೊತ್ತಿರಬೇಕು ಮತ್ತು ತಪ್ಪು ಮಾಡಿದರೆ ಹೆಸರು ಹೊಡೆದುಹಾಕಲು ಬರಬೇಕು ಎಂಬಷ್ಟೇ. ಕರಡು ಈ ಮೂರನ್ನೂ ‘ಲೈಸೆನ್ಸ್ ಪದ್ಧತಿ’ ಎಂಬ ಒಂದೇ ಮಾತಿನಲ್ಲಿ ಮುಗಿಸಿದೆ.

ಕೊನೆಯ ಎರಡಕ್ಕೆ ‘ಪ್ರಮಾಣೀಕರಣ’ ಮತ್ತು ‘ನೋಂದಣಿ’ ಸಾಕು, ಅದರಲ್ಲಿ ನನಗೆ ಅನುಮಾನವಿಲ್ಲ. ತೊಡಕಿರುವುದು ಮೊದಲನೆಯದರಲ್ಲಿ, ಅಂದರೆ ನ್ಯೂಯಾರ್ಕಿನ ಮಾದರಿಗೆ ಏನೆನ್ನಬೇಕು ಎಂಬುದರಲ್ಲಿ. ‘ಪರವಾನಗಿ’ ಎಂದು ಬರೆದರೆ ಓದುವವರ ಮನಸ್ಸಿಗೆ ಉದ್ದಿಮೆ ಪರವಾನಗಿಯೇ ಬರುತ್ತದೆ. ‘ಅನುಜ್ಞಪ್ತಿ’ ಕಡತದಲ್ಲಿ ಸಲ್ಲುತ್ತದೆ, ಆದರೆ ಸಹಿ ಹಾಕಬೇಕಾದ ಥೆರಪಿಸ್ಟರಲ್ಲಿ ಆ ಪದವನ್ನು ಆಡುವವರೇ ಇಲ್ಲ. ನನ್ನ ಒಲವು ‘ವೃತ್ತಿ ಸನ್ನದು’ ಎಂಬುದರ ಕಡೆಗೆ. ವಕೀಲರು ಸನ್ನದು ಪಡೆದರು, ವಕೀಲರ ಸನ್ನದು ಅಮಾನತಾಯಿತು ಎಂದು ಪತ್ರಿಕೆಗಳು ದಿನವೂ ಬರೆಯುತ್ತವೆ. ಸನ್ನದು ವ್ಯಕ್ತಿಗೆ ಸೇರಿದ್ದು, ಕಟ್ಟಡಕ್ಕಲ್ಲ, ಅವರು ಹೋದಲ್ಲಿಗೆ ಹೋಗುವಂಥದ್ದು ಮತ್ತು ನಡತೆ ಕೆಟ್ಟರೆ ಕಿತ್ತುಕೊಳ್ಳಬಹುದಾದದ್ದು ಎಂಬ ಇಷ್ಟೂ ಅರ್ಥ ಆ ಬಳಕೆಯಲ್ಲಿ ತಾನಾಗಿ ಬಂದಿದೆ. ಇದಕ್ಕೆ ಒಂದು ಆಕ್ಷೇಪ ಬಂದಿದೆ, ಮತ್ತು ಅದು ತಳ್ಳಿಹಾಕುವಂಥದ್ದಲ್ಲ: ಅಬಕಾರಿ ಇಲಾಖೆಯೂ ಮದ್ಯದಂಗಡಿಗೆ ಕೊಡುವುದನ್ನು ಸನ್ನದು ಎಂದೇ ಕರೆಯುತ್ತದೆ. ಮೊದಲೇ ಅನುಮಾನದ ನೋಟ ಎದುರಿಸುತ್ತಿರುವ ವೃತ್ತಿಗೆ ಆ ನೆರಳು ಬೇಡ ಎನ್ನುತ್ತಾರೆ ಗುಂಪಿನ ಹಿರಿಯ ಹೆಂಗಸೊಬ್ಬರು. ‘ವೃತ್ತಿ’ ಎಂಬುದನ್ನು ಮುಂದೆ ಸೇರಿಸಿದರೆ ಆ ನೆರಳು ಸರಿಯುತ್ತದೆಂದು ನನಗೆ ತೋರುತ್ತದೆ. ಬಳಗದವರ ಕಿವಿಗೆ ಹೇಗೆ ಕೇಳುತ್ತದೆ ಎಂಬುದೇ ನನ್ನ ಮುಖ್ಯ ಪ್ರಶ್ನೆ.

ವಿನಾಯಿತಿಯ ಕಲಮಿಗೆ ಮಾತ್ರ ಕೊಡಗಿನಲ್ಲಿ ಪದ ಹುಡುಕಬೇಕಾದ ಅಗತ್ಯವೇ ಇಲ್ಲ. ಕೋವಿಗೆ ಲೈಸೆನ್ಸ್ ಬೇರೆ, ವಿನಾಯಿತಿ ಪತ್ರ ಬೇರೆ ಎಂಬುದು ಇಲ್ಲಿನ ಮನೆಮನೆಗೂ ಗೊತ್ತು. ಕೊಡವರಿಗೂ ಜಮ್ಮಾ (ಕೊಡಗಿನ ಪಾರಂಪರಿಕ ಭೂಹಿಡುವಳಿ) ಹಿಡುವಳಿದಾರರಿಗೂ ಶಸ್ತ್ರಾಸ್ತ್ರ ಕಾಯಿದೆಯಲ್ಲಿರುವ ವಿನಾಯಿತಿಯನ್ನು ಕೇಂದ್ರ ಸರ್ಕಾರ 2019ರಲ್ಲಿ ಹತ್ತು ವರ್ಷಗಳಿಗೆ, ಅಂದರೆ 2029ರವರೆಗೆ ಮುಂದುವರಿಸಿತು. 2021ರಲ್ಲಿ ಹೈಕೋರ್ಟ್ ಅದನ್ನು ಎತ್ತಿಹಿಡಿಯಿತು. ವಿನಾಯಿತಿ ಎಂದರೆ ಕಾನೂನಿನ ಹೊರಗೆ ನಿಂತವರು ಎಂದಲ್ಲ, ಕಾನೂನೇ ಹೆಸರಿಸಿ ಬಿಟ್ಟುಕೊಟ್ಟವರು ಎಂಬ ಅರ್ಥ ಇಲ್ಲಿ ಬೇರೂರಿದೆ. ಮನವಿಯಲ್ಲಿ ಬಾಣಂತಿಗೂ ಕೂಸಿಗೂ ಎಣ್ಣೆ ನೀವುವ ಅಜ್ಜಿಯರನ್ನು, ಉಳುಕು ತೆಗೆಯುವ ನಾಟಿ ವೈದ್ಯರನ್ನು, ತಮ್ಮ ವೃತ್ತಿಯ ಮಿತಿಯೊಳಗೆ ಕೈಚಿಕಿತ್ಸೆ ಮಾಡುವ ದಾದಿಯರನ್ನು ಮತ್ತು ಫಿಸಿಯೋಥೆರಪಿಸ್ಟರನ್ನು ಹೀಗೆ ಹೆಸರಿಸಿಯೇ ಹೊರಗಿಡಬೇಕು. ಇದನ್ನು ಬರೆಯದೆ ಬಿಟ್ಟರೆ, ಒಬ್ಬರ ಅನ್ನಕ್ಕೆ ರಕ್ಷಣೆ ಕೇಳುವ ಕಾನೂನು ಇನ್ನೊಬ್ಬರ ಅನ್ನ ಕಸಿಯುತ್ತದೆ. ಈಗಾಗಲೇ ಬಹುಕಾಲದಿಂದ ಈ ಕೆಲಸದಲ್ಲಿದ್ದು ಪರೀಕ್ಷೆ ಬರೆಯದವರ ಹಕ್ಕನ್ನು ಕಾಯುವುದು ಬೇರೆಯದೇ ಕಲಮು. ಅದಕ್ಕೆ ನಮ್ಮ ಅಧಿನಿಯಮಗಳ ಕೊನೆಯಲ್ಲಿ ಬರುವ ‘ನಿರಸನ ಮತ್ತು ಉಳಿಸುವಿಕೆ’ (ಹಳೆಯ ಕಾನೂನು ರದ್ದಾದರೂ ಅದರಡಿ ಆದದ್ದನ್ನು ಉಳಿಸಿಕೊಳ್ಳುವ) ಕಲಮಿನಿಂದ ‘ಉಳಿಸುವಿಕೆ’ಯನ್ನು ತೆಗೆದುಕೊಂಡು ‘ಪೂರ್ವವೃತ್ತಿಯವರ ಉಳಿಸುವಿಕೆ’ ಎಂದು ಬರೆದಿದ್ದೇನೆ. ಇದಕ್ಕಿಂತ ಹಗುರವಾದದ್ದು ಇದ್ದರೆ ಸಂತೋಷದಿಂದ ಬದಲಿಸುತ್ತೇನೆ.

ಇನ್ನು ವೃತ್ತಿಯ ಹೆಸರು. ‘ಅಂಗಮರ್ದನ’ ಶಾಸ್ತ್ರೀಯವಾದರೂ ಮರ್ದನ ಎಂದೊಡನೆ ಮಹಿಷನೂ ಕಾಳಿಂಗನೂ ನೆನಪಾಗುತ್ತಾರೆ. ‘ಅಭ್ಯಂಗ’ ಆಯುರ್ವೇದದ ಒಂದು ಕ್ರಮಕ್ಕೆ ಮೀಸಲಾದ ಪದವಾದ್ದರಿಂದ ಬೇರೆ ಪದ್ಧತಿಯವರನ್ನು ಒಳಗೊಳ್ಳದು. ‘ನೀವುವಿಕೆ’ ನನಗೆ ಪ್ರಿಯವಾದರೂ ‘ನೀವುವವರು’ ಎಂದು ಬರೆದಾಗ ಓದು ತಡವರಿಸುತ್ತದೆ. ‘ಮಾಲೀಸು’ ಎಂಬುದನ್ನು ವೃತ್ತಿಯವರೇ ಒಪ್ಪುವುದಿಲ್ಲ. ಅವರು ತಮ್ಮನ್ನು ಕರೆದುಕೊಳ್ಳುವುದು ‘ಥೆರಪಿಸ್ಟ್’ ಎಂದೇ, ಆದ್ದರಿಂದ ‘ಮಸಾಜ್ ಥೆರಪಿಸ್ಟ್’ ಎಂಬುದನ್ನೇ ಉಳಿಸಿದ್ದೇನೆ. ‘ಮಸಾಜ್ ಪಾರ್ಲರ್’ ಎಂಬುದನ್ನಂತೂ ಕರಡಿನಿಂದ ಪೂರ್ತಿ ತೆಗೆದಿದ್ದೇನೆ; ಸುದ್ದಿಗಳಲ್ಲಿ ಅದು ದಾಳಿಯ ಜೊತೆಗೇ ಬರುವ ಮಾತಾಗಿಬಿಟ್ಟಿದೆ, ಮತ್ತು ಆ ಮಾತು ಅಂಟಿಸಿದ ಕಳಂಕವನ್ನು ದುಡಿದು ತಿನ್ನುವ ಹೆಣ್ಣುಮಕ್ಕಳು ಹೊರಬೇಕಾಗಿರುವುದು ನನಗೆ ನಿಜವಾಗಿ ನೋವಿನ ಸಂಗತಿ.

ಉಳಿದದ್ದು, ಶಾಸಕರನ್ನು ಕಂಡು, ಅಂಕಿಅಂಶ ಒದಗಿಸಿ, ಮಸೂದೆಯ ಪರವಾಗಿ ಬಿಡದೆ ಮಾತಾಡುವ ಕೆಲಸಕ್ಕೆ ಏನೆನ್ನಬೇಕು ಎಂಬುದು. ಅಮೆರಿಕದ ಮಸಾಜ್ ಥೆರಪಿ ಸಂಘ 1943ರಲ್ಲಿ ಹುಟ್ಟಿದ್ದು. ರಾಜ್ಯ ರಾಜ್ಯಗಳಲ್ಲಿ ಕಾನೂನು ಬರಲು ಇಂಥ ಸಂಘಗಳು ನಡೆಸಿದ ಪ್ರಯತ್ನವನ್ನು ಕರಡಿನಲ್ಲಿ ‘ಲಾಬಿ’ ಎಂದು ಕರೆದಿದ್ದಾರೆ. ಕನ್ನಡದಲ್ಲಿ ಲಾಬಿ ಎಂದರೆ ಮಂತ್ರಿಗಿರಿಗೋ ವರ್ಗಾವಣೆಗೋ ತೆರೆಮರೆಯಲ್ಲಿ ನಡೆಸುವ ಓಡಾಟ. ‘ವಕಾಲತ್ತು’ ಕೋರ್ಟಿನದು, ಅದರಲ್ಲಿ ಒಬ್ಬರ ಪರವಾಗಿ ಇನ್ನೊಬ್ಬರು ಮಾತಾಡುತ್ತಾರೆ; ಇಲ್ಲಿ ಮಾತಾಡುವವರು ವೃತ್ತಿಯವರೇ. ‘ಮನವಿ’ ಒಂದು ಸಲ ಕೊಟ್ಟು ಬರುವ ಕಾಗದ. ‘ಹಕ್ಕೊತ್ತಾಯ’ ಚಳವಳಿಗಳಿಂದ ಬಂದ ಪದ, ಗಟ್ಟಿಯಾಗಿದೆ, ಬಹಿರಂಗವಾಗಿದೆ. ಆದರೆ ವಿಧಾನಸಭೆಯ ಅರ್ಜಿಗಳ ಸಮಿತಿಯ ಮುಂದೆ ಸಾವಧಾನವಾಗಿ ವಿವರಣೆ ಕೊಡುವ ಕೆಲಸಕ್ಕೆ ಅದರ ದನಿ ಹೆಚ್ಚಾಯಿತೇನೋ ಎಂಬ ಅಳುಕಿದೆ. ಸದ್ಯಕ್ಕೆ ಶೀರ್ಷಿಕೆಯಲ್ಲಿ ‘ಹಕ್ಕೊತ್ತಾಯ’ ಎಂದೂ, ಒಳಗೆ ‘ಶಾಸನಕ್ಕಾಗಿ ಪ್ರತಿಪಾದನೆ’ ಎಂದೂ ಇಟ್ಟಿದ್ದೇನೆ. ಎರಡರ ಬದಲು ಒಂದೇ ಪದ ಸಾಕೆನ್ನುವವರು, ಅದನ್ನು ಒಂದು ಪೂರ್ಣ ವಾಕ್ಯದಲ್ಲಿ ಬಳಸಿ ತೋರಿಸಿದರೆ ಕರಡಿಗೆ ನೇರವಾಗಿ ನೆರವಾಗುತ್ತದೆ.