ಪೊಟ್ಯಾಷ್ ಮೂಟೆಗೆ 1,700: ಯುದ್ಧವೋ, ನಿರ್ಬಂಧವೋ?

ಹೊಸನಗರ ಭಟ್ಟ: 2022ರಲ್ಲಿ ಎಂಒಪಿ (ಮ್ಯೂರಿಯೇಟ್ ಆಫ್ ಪೊಟ್ಯಾಷ್) ಗೊಬ್ಬರದ 50 ಕೆಜಿ ಮೂಟೆ 1,700 ರೂಪಾಯಿ ಮುಟ್ಟಿದ್ದಕ್ಕೆ ಎಲ್ಲರೂ ಉಕ್ರೇನ್ ಯುದ್ಧ ಅಂತಾರೆ. ತಪ್ಪು. ಬೆಲಾರುಸ್ ದೇಶದ ಪೊಟ್ಯಾಷ್ ಕಂಪನಿ ಬೆಲಾರುಸ್ಕಾಲಿ ಮೇಲೆ ಅಮೆರಿಕ ನಿರ್ಬಂಧ ಹೇರಿದ್ದು 2021ರ ಆಗಸ್ಟ್‌ನಲ್ಲಿ. 2022ರ ಫೆಬ್ರುವರಿ 1ಕ್ಕೆ ಪಕ್ಕದ ಲಿಥುವೇನಿಯಾ ಆ ಪೊಟ್ಯಾಷ್‌ಗೆ ರೈಲು ದಾರಿ ಮುಚ್ಚಿತು, ಅಲ್ಲಿನ ಕ್ಲೈಪೆಡಾ ಬಂದರಿಗೆ ಆ ಸರಕು ಬರೋದು ನಿಂತಿತು. ಯುದ್ಧ ಶುರುವಾಗಿದ್ದು 24ಕ್ಕೆ! ಅಡಿಕೆ ಮರಕ್ಕೆ 140 ಗ್ರಾಂ, ಎಕರೆಗೆ 550 ಮರ, ಒಂದೂವರೆ ಮೂಟೆ. ಖರ್ಚು ನೀವೇ ಲೆಕ್ಕ ಹಾಕಿ.

ಸೊರಬ ಗೌಡ: 140 ಗ್ರಾಂ ಎಂಒಪಿಯೋ? ಅದು ಕೆ2ಒ, ಅಂದ್ರೆ ಗೊಬ್ಬರದೊಳಗಿನ ಪೊಟ್ಯಾಷ್ ಅಂಶದ ಲೆಕ್ಕ ಭಟ್ರೇ. ಎಂಒಪಿಯಲ್ಲಿ ಇರೋದು ಶೇ 60. ಮರಕ್ಕೆ 233 ಗ್ರಾಂ, ಎಕರೆಗೆ 128 ಕೆಜಿ, ಎರಡೂವರೆ ಮೂಟೆ. ಇಷ್ಟು ಗೊತ್ತಿಲ್ಲದೆ ಲಿಥುವೇನಿಯಾ ರೈಲು ಹತ್ತಿದ್ರಲ್ಲ!

ಆಮದು ಗುಮಾಸ್ತ: "ದಾರಿ ಮುಚ್ಚಿತು" ಅನ್ನೋದು ಬೆಲಾರುಸ್‌ಗೆ ಸರಿ, ರಷ್ಯಾಕ್ಕಲ್ಲ. ರಷ್ಯಾ ಗೊಬ್ಬರಕ್ಕೆ ಅಮೆರಿಕ ವಿನಾಯಿತಿ ಕೊಟ್ಟಿತ್ತು. ಕಗ್ಗಂಟಾಗಿದ್ದು ಬ್ಯಾಂಕಿನಲ್ಲಿ. ಎಲ್‌ಸಿ (ಮಾರುವವನಿಗೆ ಬ್ಯಾಂಕ್ ಕೊಡೋ ಹಣದ ಖಾತರಿ ಪತ್ರ) ತೆರೆಯೋ ಮುಂಚೆ ಹಡಗಿನ ಗುರುತಿನ ಐಎಂಒ ನಂಬರು, ಮಾರುವವನು, ಅವನ ಹಿಂದಿರೋ ಮಾಲೀಕ, ಎಲ್ಲ ತಾಳೆ ನೋಡ್ತಾರೆ. ನಿರ್ಬಂಧದ ಪಟ್ಟಿಯಲ್ಲಿರುವವನ ಪಾಲು ಶೇ 50 ಮುಟ್ಟಿದರೆ ಅಮೆರಿಕದ ನಿಯಮದಲ್ಲಿ ಕಂಪನಿಗೂ ನಿರ್ಬಂಧ ತಗಲುತ್ತೆ. ಗೊಬ್ಬರ ಕಂಪನಿ ಯೂರೋಕೆಮ್ ಕಟ್ಟಿದ ರಷ್ಯಾದ ಮೆಲ್ನಿಚೆಂಕೊ 2022ರ ಮಾರ್ಚ್‌ನಲ್ಲಿ ಐರೋಪ್ಯ ಒಕ್ಕೂಟದ ಪಟ್ಟಿಗೆ ಬಿದ್ದ, ಜೂನ್‌ನಲ್ಲಿ ಅವನ ಹೆಂಡತಿಯೂ. ಅನುಮಾನ ಬಂತೋ, ಬ್ಯಾಂಕಿನವರು ವಿನಾಯಿತಿ ಓದ್ತಾ ಕೂರಲ್ಲ, ಫೈಲು ಪಕ್ಕಕ್ಕಿಡ್ತಾರೆ.

ಹೊಸನಗರ ಭಟ್ಟ: ಗೌಡ್ರೇ, ಸೊಪ್ಪು, ದರಗು ಬೀಳೋ ತೋಟಕ್ಕೆ 233 ಯಾಕೆ? ಅದರಲ್ಲೂ ಪೊಟ್ಯಾಷ್ ಇದೆ.

ಸೊರಬ ಗೌಡ: ಶಿಫಾರಸು ಪೂರ್ತಿ ಓದಿ. ಮರಕ್ಕೆ 12 ಕೆಜಿ ಸೊಪ್ಪು, 12 ಕೆಜಿ ಕಾಂಪೋಸ್ಟ್ ಹಾಕಿದ ಮೇಲೂ ಸಾರಜನಕ, ರಂಜಕ, ಪೊಟ್ಯಾಷ್ 100:40:140 ಗ್ರಾಂ. ನಮ್ಮ ಮಳೆಗೆ ಜಂಬಿಟ್ಟಿಗೆ ಮಣ್ಣಿನಿಂದ ಪೊಟ್ಯಾಷ್ ತೊಳೆದು ಹೋಗುತ್ತೆ, ಅದಕ್ಕೇ ಎರಡು ಕಂತು.

ತುಂಗಾ ದಡ: ಸಕ್ಕರೆ ಕಾರ್ಖಾನೆ ಕಾಕಂಬಿಯಿಂದ ಬರೋ ಪೊಟ್ಯಾಷ್ ಗೊಬ್ಬರ ಪಿಡಿಎಂ ಹಾಕಿ. ಆಮದಿನ ರಗಳೆಯೇ ಇಲ್ಲ.

ಸೊರಬ ಗೌಡ: ಅದರಲ್ಲಿರೋ ಕೆ2ಒ ಶೇ 14.5. ಮರಕ್ಕೆ 965 ಗ್ರಾಂ, ಎಕರೆಗೆ ಹತ್ತೂವರೆ ಮೂಟೆ. ದರೆ ಇಳಿಸಿ ಹೊರೋಕೆ ನೀವು ಬರ್ತೀರಾ?

ತುಂಗಾ ದಡ: ಹೊರೋ ಕೂಲಿಗೂ ಡಾಲರ್‌ನಲ್ಲೇ ಕೊಡ್ತೀರೇನ್ರೀ? ಎಲ್ಲದಕ್ಕೂ ಕೊಂಕು.

ಸಾಗರ ಸೀಮೆ: ಆಮದು ಒಪ್ಪಂದದ ದರ 2022ರಲ್ಲಿ ಟನ್ನಿಗೆ 590 ಡಾಲರ್, 2023ರ ಕೊನೆಗೆ 319. ಯುದ್ಧವೂ ಇತ್ತು, ನಿರ್ಬಂಧವೂ ಇತ್ತು. ಮೂಟೆ ದರ ಮಾತ್ರ ಅಷ್ಟು ಇಳೀಲಿಲ್ಲ. ಯಾಕೆ? 2022ರ ಮುಂಗಾರಿಗೆ ಕೆಜಿ ಕೆ2ಒಗೆ ಸಬ್ಸಿಡಿ 25.31 ರೂಪಾಯಿ, 2023–24ರ ಹಿಂಗಾರಿಗೆ 2.38. ಮೂಟೆಗೆ 759 ಇದ್ದದ್ದು 71. ದೆಹಲಿಯನ್ನ ಕೇಳಿ, ಬೆಲಾರುಸ್ ರಾಜಧಾನಿ ಮಿನ್ಸ್ಕ್ ಅನ್ನಲ್ಲ.

ಹೊಸನಗರ ಭಟ್ಟ: ಇಳಿದದ್ದು ಆಮೇಲಿನ ಕತೆ. 590ಕ್ಕೆ ಏರಿಸಿದ್ದು ಯಾರು?

ಆಮದು ಗುಮಾಸ್ತ: ಇಳಿದದ್ದೂ ಬಳಸುದಾರಿ ಸಿಕ್ಕಿದ ಮೇಲೆ. ಬೆಲಾರುಸ್ ಸರಕು ರಷ್ಯಾದ ಬಂದರುಗಳಿಗೆ ತಿರುಗಿತು, ಚೀನಾಕ್ಕೆ ರೈಲಿನಲ್ಲೇ ಹೋಯ್ತು.

ಸಾಗರ ಸೀಮೆ: ನಾ ಕೇಳಿದ್ದು ಸಬ್ಸಿಡಿ. ಮತ್ತೆ ರೈಲೇ ಬಂತು.