ಕೊತ್ತಂಬರಿ, ಈರುಳ್ಳಿ ಎರಡೂ ಅವಧಿಗೆ ಮುಂಚೆ ಹೂವಿಗೆ ಬಂದಿವೆ, ಏನು ಮಾಡುವುದು?

ಪ್ರಶ್ನೆ: ಟ್ರೇಯಲ್ಲಿ ಎಬ್ಬಿಸಿದ ಕೊತ್ತಂಬರಿ ಸಸಿಗಳನ್ನು ಕಿತ್ತು ಕುಂಡಕ್ಕೆ ನೆಟ್ಟಿದ್ದೆ. ಒಂದು ಕೊಯ್ಲೂ ಸಿಗದೆ ನಡುವಿನಿಂದ ದಂಟು ಎದ್ದಿದೆ, ಹೊಸ ಎಲೆಗಳು ಸಬ್ಬಸಿಗೆಯ ಹಾಗೆ ಎಳೆ ಎಳೆಯಾಗಿವೆ. ಪಕ್ಕದ ಮಡಿಯ ಈರುಳ್ಳಿಯಲ್ಲೂ ಹೂದಂಟು ಕಾಣಿಸಿದೆ. ಬಿಸಿಲು ಜಾಸ್ತಿಯಾಯಿತೇ? ದಂಟು ಮುರಿದರೆ ಸರಿಹೋಗುತ್ತದೆಯೇ?

ಉತ್ತರ: ಮುರಿದರೆ ಸರಿಹೋಗುವುದಿಲ್ಲ. ಬೆಳೆಯುವ ತುದಿ ಒಮ್ಮೆ ಹೂವಿನ ಕಡೆ ತಿರುಗಿದರೆ ಮತ್ತೆ ಮೊದಲಿನಂತೆ ಎಲೆ ಬಿಡದು. ಎರಡೂ ಗಿಡಗಳ ಕಾರಣ ಮಾತ್ರ ಬೇರೆ ಬೇರೆ.

ಕೊತ್ತಂಬರಿಯನ್ನು ಅವಸರಕ್ಕೆ ದೂಡುವುದು ಸೆಕೆ, ದೀರ್ಘ ಹಗಲು, ಒಣಗಿದ ಮಣ್ಣು. ಅದರ ಮೇಲೆ ನೀವು ಕಿತ್ತು ನೆಟ್ಟಿದ್ದೀರಿ. ಇದರ ತಾಯಿಬೇರು ನೇರ ಕೆಳಗಿಳಿಯುವಂಥದ್ದು. ತುದಿ ಮುರಿದರೆ ಗಿಡಕ್ಕೆ ನೀರು ಸಾಲದೆ ಬೇಗ ಬೀಜ ಕಟ್ಟಲು ಹೊರಡುತ್ತದೆ. ಮುಂದಿನ ಸಲ ಬೀಜವನ್ನು ಮೆಲ್ಲಗೆ ಉಜ್ಜಿ ಎರಡು ಹೋಳು ಮಾಡಿ, ಕನಿಷ್ಠ 20 ಸೆಂ.ಮೀ. ಆಳದ ಕುಂಡಕ್ಕೆ ನೇರವಾಗಿ, 1 ಸೆಂ.ಮೀ. ಆಳಕ್ಕೆ ಬಿತ್ತಿ. ಒತ್ತಾಗಿ ಹುಟ್ಟಿದ್ದನ್ನು ಎಳೆಯದರಲ್ಲೇ ಕಿತ್ತು ಅಡುಗೆಗೆ ಬಳಸಿ. ಮೇಲ್ಮಣ್ಣು ಬೆರಳಿಗೆ ಒಣ ಅನಿಸುವ ಮೊದಲೇ ನೀರು ಕೊಡಿ. ಎರಡು ವಾರಕ್ಕೊಮ್ಮೆ ಸ್ವಲ್ಪ ಸ್ವಲ್ಪ ಬಿತ್ತುತ್ತಿದ್ದರೆ ಎಲೆಗೆ ಕೊರತೆಯಿರದು.

ಈರುಳ್ಳಿಯ ವಿಷಯದಲ್ಲಿ ಬಿಸಿಲನ್ನಲ್ಲ, ಹಿಂದೆ ಬಿದ್ದ ಚಳಿಯನ್ನು ನೋಡಬೇಕು. ಅದು ಮೊದಲ ವರ್ಷ ಗೆಡ್ಡೆ ಕಟ್ಟಿ, ಚಳಿ ಕಂಡ ಮೇಲೆ ಎರಡನೇ ವರ್ಷ ಹೂ ಬಿಡುವ ಬೆಳೆ. ಕತ್ತು ಪೆನ್ಸಿಲ್ ದಪ್ಪಕ್ಕೆ ಬಂದ ಗಿಡಕ್ಕೆ ಕೆಲವು ವಾರ ಸುಮಾರು 10 ಡಿಗ್ರಿ ಸೆಲ್ಸಿಯಸ್ ಚಳಿ ತಾಗಿದರೆ, ಒಂದು ವರ್ಷ ಕಳೆಯಿತೆಂದೇ ಅದು ಲೆಕ್ಕ ಹಾಕುತ್ತದೆ. ತೆಳ್ಳಗಿನ ಸಸಿಗೆ ಅದೇ ಚಳಿ ಬಿದ್ದರೂ ಹೂ ಬರುವುದು ಅಪರೂಪ. ಹಾಗಾಗಿ ಚಳಿಗಾಲಕ್ಕೆ ತೀರಾ ಮುಂಚೆ ಸಸಿಮಡಿ ಮಾಡಬೇಡಿ. ಸಣ್ಣ ಗೆಡ್ಡೆ ನೆಡುವುದಾದರೆ 2 ಸೆಂ.ಮೀ.ಗಿಂತ ದಪ್ಪನೆಯವನ್ನು ಬದಿಗಿಡಿ, ಅವೇ ಮೊದಲು ಹೂವಿಗೆ ಬರುವುದು.

ಮರುಪ್ರಶ್ನೆ: ಕೊತ್ತಂಬರಿಗೆ ನೆರಳು ಪರದೆ ಕಟ್ಟಿದರೆ ಸಾಕೇ?

ಉತ್ತರ: ಶೇ. 50ರ ಪರದೆ, ಅಂದರೆ ಅರ್ಧದಷ್ಟು ಬಿಸಿಲು ತಡೆಯುವಂಥದ್ದು, ಮಧ್ಯಾಹ್ನದ ಕಾವು ತಗ್ಗಿಸುತ್ತದೆ, ಮಣ್ಣಿನ ತೇವ ಉಳಿಸುತ್ತದೆ. ಆದರೆ ಹಗಲಿನ ಉದ್ದ ಅದರಿಂದ ಕಡಿಮೆಯಾಗದು. ಹಗಲು ಉದ್ದವಿರುವ ತಿಂಗಳುಗಳಲ್ಲಿ ತಡವಾಗಿ ಹೂ ಬಿಡುವ ತಳಿಯನ್ನೇ ಆರಿಸಿ, ಜೊತೆಗೆ ಪರದೆ ಕಟ್ಟಿ.

ಈಗಿರುವ ಕೊತ್ತಂಬರಿಯನ್ನು ಬೀಜಕ್ಕೆ ಬಿಡಬಹುದು. ದಂಟು ಬಂದ ಈರುಳ್ಳಿಯನ್ನು ಮಾತ್ರ ಹಾಗೇ ಬಿಡಬೇಡಿ: ಗೆಡ್ಡೆಯ ನಡುವೆ ಗಟ್ಟಿ ತಿರುಳು ಬಲಿಯುತ್ತದೆ, ಶೇಖರಣೆಯಲ್ಲಿ ಅಲ್ಲಿಂದಲೇ ಕೊಳೆಯುತ್ತದೆ. ಈಗಲೇ ಕಿತ್ತು ಬಳಸಿಬಿಡಿ.