ಮಾತು ಬರಲಾರದ ದೇಶಕ್ಕ ಹೋಗಿ ಸ್ಪೀಚ್ ಥೆರಪಿ ಕಲಿಯೋದು ಹೆಂಗ?

ಗಂಗಾವತಿ_ತಂಗಿ:

ಎಲ್ಲಾರಿಗೂ ನಮಸ್ಕಾರ ರೀ. ನಾನು ಗಂಗಾವತಿಯಾಕಿ, ಬಿಎಎಸ್‌ಎಲ್‌ಪಿ (ಮಾತು, ಕಿವಿ ತೊಂದ್ರಿಗೆ ಚಿಕಿತ್ಸೆ ಕೊಡೋ ಡಿಗ್ರಿ) ಮೂರು ವರ್ಷ ಮುಗಿಸಿ ಈಗ ಇಂಟರ್ನ್‌ಶಿಪ್ ವರ್ಷದಾಗ ಅದೀನಿ, ಇನ್ನ ನಾಕು ತಿಂಗಳು ಉಳದೈತಿ. ಅದು ಮುಗದ ಮ್ಯಾಲ ಶ್ರೀಲಂಕಾದ ಒಂದು ಆಸ್ಪತ್ರಿಯೊಳಗ ಎರಡು ತಿಂಗಳು ಕಲಿಯಾಕ ಅವಕಾಶ ಐತಿ, ಖರ್ಚು ನಮ್ದ. ಅಮ್ಮ ಹೂಂ ಅಂದಾಳ. ಅಪ್ಪ ಮಾತ್ರ ಒಂದ ಪ್ರಶ್ನೆ ಕೇಳಿದ್ರು, "ಮಾತು ಕಲಸೋ ವಿದ್ಯಾ ಕಲತಾಕಿ ನೀನು, ಆ ಮಂದಿ ಮಾತ ತಿಳಿಯಲಾರದ ಊರಿಗೆ ಹೋಗಿ ಏನ್ ಮಾಡ್ತಿ?" ಅಂತ. ಉತ್ತರ ಕೊಡಾಕ ಆಗಲಿಲ್ಲ, ಎರಡು ದಿನ ಆತು ಅದ ತಲಿಯಾಗ ತಿರಗಾಕತ್ತೈತಿ.

ಯಾಕಂದ್ರ ನನಗ ಇಲ್ಲಿ ಮಂದಿ ಜೋಡಿನ ಸರಿಯಾಗಿ ಮಾಡಾಕ ಬರವಲ್ದು. ಈಗ ಒಬ್ರು ಅಜ್ಜ ಬರ್ತಾರ, ಕಾರಟಗಿ ಕಡಿಯವ್ರು, ರೈಸ್ ಮಿಲ್‌ನಾಗ ಹಮಾಲಿ ಮಾಡಿದವ್ರು. ಲಕ್ವಾ ಹೊಡದು ಬಲಗೈ ಬಿದ್ದೈತಿ, ಮಾತು ಹೋಗೈತಿ, ಏನು ಕೇಳಿದ್ರೂ "ಹೌದು" ಅಂತಾರ ಅಷ್ಟ. ನಾನು ಪುಸ್ತಕದ ಪಿಕ್ಚರ್ ಕಾರ್ಡ್ ತೋರಿಸ್ಕೋತ ಹೋದ್ನಿ, ಸೇಬು, ಛತ್ರಿ, ಹಿಮದ ಗೊಂಬಿ. ಹಿಮದ ಗೊಂಬಿ ಬಂದಾಗ ಅಜ್ಜ ನನ್ನ ಮುಖ ಒಮ್ಮೆ ನೋಡಿ ಗ್ವಾಡಿ ಕಡೆ ಹೊಳ್ಳಿ ಕುಂತ್ರು, ಅವತ್ತು ಮತ್ತ ಈ ಕಡೆ ತಿರುಗಲಿಲ್ಲ. ಮನಿಗೆ ಬಂದು ಊಟ ಸೇರಲಿಲ್ಲ ನನಗ.

ಹೊರದೇಶಕ್ಕ ಹೋಗಿ ಬಂದವ್ರು ಯಾರಾದ್ರೂ ಇದ್ರ ಹೇಳ್ರಿ. ಹೋಗಿ ಬಂದ್ರ ಇಂಥ ಅಜ್ಜನಿಗೆ ಏನರ ಉಪಯೋಗ ಆಗ್ತೈತೇನು, ಇಲ್ಲಾ ಬರೇ ಸರ್ಟಿಫಿಕೇಟ್‌ಗೆ ಅಷ್ಟನ?

ರಾಯಚೂರು_ಎಸ್‌ಎಲ್‌ಪಿ:

ತಂಗಿ, ನಾನು ಹೋಗಿದ್ದೆ, ಅದೇ ದೇಶಕ್ಕ, ಕೊಲಂಬೊ ಹತ್ರ ರಾಗಮ ಅಂತ ಊರು, ಕೆಲನಿಯ ಯೂನಿವರ್ಸಿಟಿದು ಮೆಡಿಕಲ್ ಫ್ಯಾಕಲ್ಟಿ ಇರೋದು ಅಲ್ಲೇ. ನಿಮ್ಮ ಅಪ್ಪಾರ ಪ್ರಶ್ನೆ ಬಹಳ ಛಲೋ ಪ್ರಶ್ನೆ ಅದ, ಅದನ್ನ ಸಿಟ್ಟಿನ ಮಾತು ಅಂತ ತಿಳಕೋಬ್ಯಾಡ.

ಮೊದಲನೇ ವಾರ ನನ್ನ ಬಾಯಾಗ ಮೂರ ಮಾತು ಇದ್ದವು. "ಕಟ ಅರಿನ್ನ" ಅಂದ್ರ ಬಾಯಿ ತಗೀರಿ, "ಗಿಲಿನ್ನ" ಅಂದ್ರ ನುಂಗ್ರಿ, "ವತುರ" ಅಂದ್ರ ನೀರು. ಅಮ್ಮಾ ಅನ್ನೋದು ಮಾತ್ರ ಅಲ್ಲೂ ಅಮ್ಮಾನೇ. ಮಾತು ಇಲ್ಲದಕ್ಕ ಏನಾಯ್ತಪಾ ಅಂದ್ರ ನೋಡೋದು ಕಲತೆ. ಇಲ್ಲಿ ನಾನು ಪ್ರಶ್ನೆ ಕೇಳಿ ಅವರು ಬಾಯಿ ತಗಿಯೋದ್ರಾಗ ಇನ್ನೊಂದು ಪ್ರಶ್ನೆ ಹಾಕ್ತಿದ್ದೆ, ಅದು ನನಗ ಗೊತ್ತೇ ಇರಲಿಲ್ಲ. ಅಲ್ಲಿ ಸೂಪರ್‌ವೈಸರ್ ಮೇಡಮ್ ಒಂದ್ಸಲ ಸೆಷನ್ ಆದಮ್ಯಾಲ "ಕೇಳಿದ ಮ್ಯಾಲ ಎಷ್ಟು ಸೆಕೆಂಡ್ ಕಾದಿ?" ಅಂತ ಕೇಳಿದ್ರು, ನನ್ನ ಹತ್ರ ಲೆಕ್ಕ ಇರಲಿಲ್ಲ. ಮರುದಿನ ಮನಸಿನ್ಯಾಗ ಹತ್ತರ ತನಕ ಎಣಿಸಿ ಕಾದೆ. ಹತ್ತು ಸೆಕೆಂಡ್ ಎಷ್ಟು ಉದ್ದ ಅನಸ್ತದ ಅಂತ ಕುಂತು ನೋಡಿದ್ರೇ ಗೊತ್ತಾಗ್ತದ. ಅಫೇಸಿಯಾ ಆದವ್ರಿಗೆ, ಅಂದ್ರ ನಿನ್ನ ಅಜ್ಜಾರಂಗ ಮಿದುಳಿಗೆ ಪೆಟ್ಟಾಗಿ ಮಾತು ಹೋದವ್ರಿಗೆ, ಶಬ್ದ ಕಳದಿರಂಗಿಲ್ಲ ತಂಗಿ, ಹುಡುಕಿ ತರಾಕ ಹೊತ್ತು ಬೇಕು, ನಾವೇ ಆ ಹೊತ್ತು ಕಸಗೋತೀವಿ.

ಇನ್ನೊಂದು ಹೇಳ್ತೀನಿ, ಇದು ಉದ್ದ ಆಗ್ತದ ಆದ್ರೂ ಓದು. ಸ್ಟ್ರೋಕ್ ಆದ ಅಜ್ಜಿ ಒಬ್ಬರು, ನೀರು ಕುಡದ್ರ ಕೆಮ್ಮು, ಅಂದ್ರ ನೀರು ಉಸಿರಿನ ನಾಳಕ್ಕ ಹೋಗೋ ಭಯ. ಮಗಳು ಮನಿಯಿಂದ ಫ್ಲಾಸ್ಕ್‌ನ್ಯಾಗ ಕೊಲ ಕೆಂದ ತಂದಿದ್ದಳು, ಅಕ್ಕಿ ಮತ್ತ ಸೊಪ್ಪಿನ ರಸದ ಗಂಜಿ, ಹಸಿರು ಬಣ್ಣ. ಇಲ್ಲಿ ಆಗಿದ್ರ ಎಷ್ಟೋ ಕಡೆ "ಮನಿದು ಏನೂ ಕೊಡಬ್ಯಾಡ್ರಿ" ಅಂತಾರ ಅಷ್ಟೆ. ಮೇಡಮ್ ಹಂಗ ಅನ್ನಲಿಲ್ಲ. ಮೊದಲು ಸೋಸಿ ಅಕ್ಕಿ ಕಾಳು, ಎಲಿ ಚೂರು ತಗದ್ರು, ಯಾಕಂದ್ರ ತೆಳುವು ನೀರಿನ್ಯಾಗ ಕಾಳು ಇದ್ರ ಅದೇ ಎಲ್ಲಾಕ್ಕಿಂತ ಕಷ್ಟ, ನೀರು ಒಂದು ಕಡೆ ಓಡ್ತದ ಕಾಳು ಒಂದು ಕಡೆ ನಿಲ್ತದ. ಆಮ್ಯಾಲ ಸೂಜಿ ಇಲ್ಲದ 10 ಎಂಎಲ್ ಸಿರಿಂಜ್ ತಗೊಂಡು ತಳಕ್ಕ ಬೆರಳು ಹಿಡದು ತುಂಬಿಸಿ, ಬೆರಳು ಬಿಟ್ಟು ಹತ್ತು ಸೆಕೆಂಡ್ ನೋಡಿದ್ರು. ಇದು ಐಡಿಡಿಎಸ್‌ಐ ಅಳತಿ, ಕುಡಿಯೋದು ಎಷ್ಟು ದಪ್ಪ ಅದ ಅಂತ ನೋಡೋ ಅಂತರರಾಷ್ಟ್ರೀಯ ಪದ್ಧತಿ, ಲೆವೆಲ್ ಏರಿದಂಗ ದಪ್ಪ ಜಾಸ್ತಿ, ಪಾಠದಾಗ ಬಂದಿರ್ತದ ನಿನಗ. 1ರಿಂದ 4 ಎಂಎಲ್ ಉಳದ್ರ ಲೆವೆಲ್ 1, 4ರಿಂದ 8 ಅಂದ್ರ 2, 8ಕ್ಕಿಂತ ಜಾಸ್ತಿ ಉಳದ್ರ 3, ಒಂದು ಹನಿನೂ ಇಳೀಲಿಲ್ಲ ಅಂದ್ರ 4. (ಎಲ್ಲಾ ಸಿರಿಂಜ್ ನಡಿಯಂಗಿಲ್ಲ, ಸೊನ್ನೆಯಿಂದ 10ರ ಗೆರಿ ತನಕ 61.5 ಮಿಲಿಮೀಟರ್ ಇರಬೇಕು, ಅಳದು ತಗೋ.) ಗಂಜಿ ಮೆಲ್ಲಕ ಇಳಿಯೋವಷ್ಟು ದಪ್ಪ ಇತ್ತು, ಆ ಅಜ್ಜಿ ತನ್ನ ಮನಿ ಗಂಜಿ ಚಮಚದಾಗ ಕೆಮ್ಮಿಲ್ಲದ ನುಂಗಿದಳು. ಮಗಳ ಕಣ್ಣಾಗ ನೀರು.

ನಾನು ಅದನ್ನ ಓದಿ ಪರೀಕ್ಷಾದಾಗ ಬರದು ಮಾರ್ಕ್ಸ್ ತಗೊಂಡಾಕಿ, ಆದ್ರ ನಮ್ಮ ಅಂಬಲಿಗೆ ಅದನ್ನ ಹಚ್ಚಿ ನೋಡಬೇಕು ಅಂತ ಒಂದಿನಾನೂ ಹೊಳದಿರಲಿಲ್ಲ. ಊರಿಗೆ ಬಂದು ಅವ್ವ ಮಾಡಿದ ಜ್ವಾಳದ ಅಂಬಲಿ ಸೋಸಿ ಸಿರಿಂಜ್‌ಗೆ ಹಾಕಿದೆ. ಬಿಸಿ ಇದ್ದಾಗ ಸರ್ರಂತ ಇಳೀತು, ಆರಿದ ಮ್ಯಾಲ ಅದೇ ಅಂಬಲಿ ಅರ್ಧಕ್ಕ ನಿಂತ್ತು. ನೀರು ದಪ್ಪ ಮಾಡೋ ಥಿಕನರ್ ಪೌಡರ್ ಕೊಳ್ಳಾಕ ಆಗಲಾರದ ಮನಿಗೆ ಈಗ ನಾನು ಇದನ್ನೇ ಕಲಿಸ್ತೀನಿ, ಎಷ್ಟು ಹಿಟ್ಟು, ಎಷ್ಟು ಆರಸಬೇಕು ಅಂತ ಅವರ ಮುಂದೆ ಅಳದು ತೋರಿಸಿ. (ಓದೋ ಮನಿಯವ್ರಿಗೆ ಕೈ ಮುಗದು ಹೇಳ್ತೀನಿ, ನುಂಗೋ ಪರೀಕ್ಷೆ ಆಗಲಾರದ ಯಾರಿಗೂ ಹಿಂಗ ಕೊಡಬ್ಯಾಡ್ರಿ.)

ನಿನ್ನ ಅಜ್ಜಾರ ವಿಷಯಕ್ಕ ಬರ್ತೀನಿ. ಕಾರ್ಡ್ ಪಕ್ಕಕ್ಕಿಡು. ಹಮಾಲರ ಕೈಯಾಗ ಇರೋ ಸಾಮಾನು ಏನು ಅಂತ ಮನಿಯವ್ರಿಗೆ ಕೇಳಿ ತರಸು. ಮತ್ತ ಎಣಿಕಿ, ವಾರದ ಹೆಸರು, ವಚನ, ಇಂಥ ಬಾಯಿಪಾಠ ಆಗಿದ್ದು ಎಷ್ಟೋ ಮಂದಿಗೆ ಉಳದಿರ್ತದ, ಹೇಳಬೇಕು ಅಂತ ಹುಡುಕಿದ್ರ ಬರಲಾರದ್ದು ಅದರ ಓಟದಾಗ ಬರ್ತದ. ಮಾಡಿ ಬಂದು ಬರಿ.

ಬಳ್ಳಾರಿ_ಅಪ್ಪ:

ನಾನು ಥೆರಪಿಸ್ಟ್ ಅಲ್ಲಮ್ಮ, ಒಂದು ಮಗೀನ ತಂದೆ. ಮಗಳಿಗೆ ಕಿವಿ ಕೇಳ್ತಿರಲಿಲ್ಲ, ಎರಡೂವರೆ ವರ್ಷಕ್ಕೆ ಕಾಕ್ಲಿಯರ್ ಇಂಪ್ಲಾಂಟ್ (ಕೇಳಿಸೋಕೆ ಆಪರೇಷನ್ ಮಾಡಿ ಕಿವಿ ಒಳಗೆ ಕೂರಿಸೋ ಯಂತ್ರ) ಆಯ್ತು. ನಮ್ಮ ಮನೇಲಿ ತೆಲುಗು, ಹೊರಗೆ ಕನ್ನಡ, ಪಕ್ಕದ ಮನೆ ಉರ್ದು, ಬಳ್ಳಾರಿ ಅಂದ್ಮೇಲೆ ಗೊತ್ತಲ್ಲ. ಮೊದಲು ಹೋದ ಕಡೆ "ಮನೇಲಿ ಕನ್ನಡ ಒಂದೇ ಮಾತಾಡಿ, ಎರಡು ಭಾಷೆ ಆದ್ರೆ ಮಗು ಗೊಂದಲ ಆಗುತ್ತೆ" ಅಂದ್ರು. ನಮ್ಮಮ್ಮನಿಗೆ ಕನ್ನಡ ಸರಿಯಾಗಿ ಬರಲ್ಲ, ತಪ್ಪು ಮಾತಾಡಿದ್ರೆ ಮಗೀಗೆ ತೊಂದ್ರೆ ಆಗುತ್ತೆ ಅಂತ ಹೆದರಿ ಮೊಮ್ಮಗಳ ಜೊತೆ ಮಾತೇ ನಿಲ್ಲಿಸಿಬಿಟ್ರು. ಎಂಟು ತಿಂಗಳು. ದಿನಾ ಮಗೀನ ಎತ್ಕೊಂಡು ಕೂರ್ತಿದ್ದ ಮುದುಕಿ ಬಾಯಿ ಮುಚ್ಕೊಂಡು ಕೂತಿದ್ದನ್ನ ನಾನು ನೋಡಿದೀನಿ.

ಆಮೇಲೆ ಬೇರೆ ಥೆರಪಿಸ್ಟ್ ಸಿಕ್ಕಿದ್ರು, ಮೊದಲನೇ ದಿನಾನೇ "ಮನೇಲಿ ಜಾಸ್ತಿ ಮಾತಾಡೋರು ಯಾರು?" ಅಂತ ಕೇಳಿ, ಅಜ್ಜಿನ ಕರ್ಕೊಂಡು ಬನ್ನಿ ಅಂದ್ರು. ಅಜ್ಜಿಗೆ ಬರೋ ಭಾಷೇಲೇ ಮಾತಾಡಲಿ, ಮಗೀಗೆ ಬೇಕಾಗಿರೋದು ತುಂಬಾ ಮಾತು, ಪ್ರೀತಿ ಮಾತು ಅಂತ. ಈಗ ಮಗಳು ಎರಡೂ ಆಡ್ತಾಳೆ. ನೀನು ಹೋಗೋ ದೇಶದಲ್ಲೂ ಸಿಂಹಳ ತಮಿಳು ಎರಡೂ ಐತೆ, ಎರಡು ಭಾಷೆ ಮನೆಗಳಿಗೆ ಅಲ್ಲಿ ಹೆಂಗೆ ಹೇಳ್ತಾರೆ ಅಂತ ದಯವಿಟ್ಟು ನೋಡ್ಕೊಂಡು ಬಾಮ್ಮ, ನಮ್ಮ ಕಡೆಗೆ ಅದು ಬಾಳ ಬೇಕು.

ಸಿಂಧನೂರು_ಅಣ್ಣ:

ಕಾಗದದ ವಿಷಯ ಹೇಳ್ತೀನಿ ತಂಗಿ, ನಾನು ಈಗ ಇಂಗ್ಲೆಂಡ್‌ನಾಗ ಕೆಲಸ ಮಾಡ್ತೀನಿ. ಇಂಟರ್ನ್‌ಶಿಪ್ ಮುಗದ ಕೂಡ್ಲೆ ಆರ್‌ಸಿಐ (ಭಾರತದ ರಿಹ್ಯಾಬಿಲಿಟೇಷನ್ ಕೌನ್ಸಿಲ್) ರಿಜಿಸ್ಟ್ರೇಷನ್‌ಗೆ ಹಾಕು, ಆಮ್ಯಾಲ ಹೋಗು. ಯಾವ ವೀಸಾ ಮ್ಯಾಲ ಬರಬೇಕು, ಪೇಶಂಟ್ ಮುಟ್ಟಾಕ ಬಿಡ್ತಾರೋ ಬರೇ ನೋಡೋದಷ್ಟೋ, ಸೂಪರ್‌ವೈಸರ್ ಯಾರು, ಇದನ್ನೆಲ್ಲಾ ಇಮೇಲ್‌ನಾಗ ಬರಸ್ಕೋ, ಫೋನ್ ಮಾತು ನಂಬಬ್ಯಾಡ. ಮಧ್ಯದಾಗ ಏಜೆಂಟ್ ರೊಕ್ಕ ಕೇಳಿದ್ರ ಬಿಟ್ಟುಬಿಡು. ಮತ್ತ ಎರಡು ತಿಂಗಳು ಹೋಗಿ ಬಂದ್ರ ಹೊರಗಡೆ ನೌಕರಿ ಸಿಗ್ತದ ಅಂತ ಯಾರಾದ್ರೂ ಹೇಳಿದ್ರ ನಂಬಬ್ಯಾಡ, ಇಲ್ಲಿ ಎಚ್‌ಸಿಪಿಸಿ (ಆರೋಗ್ಯ ವೃತ್ತಿಯವ್ರನ್ನ ನೋಂದಾಯಿಸೋ ಸಂಸ್ಥೆ) ರಿಜಿಸ್ಟ್ರೇಷನ್ ಇಲ್ದ ಸ್ಪೀಚ್ ಥೆರಪಿಸ್ಟ್ ಅನ್ನೋ ಹೆಸರು ಹಾಕ್ಕೊಳ್ಳಂಗೇ ಇಲ್ಲ, ಅಮೆರಿಕಾದಾಗ ಮಾಸ್ಟರ್ಸ್ ಬೇಕು. ಕಲಿಯಾಕ ಅಂತ ಹೋಗು, ದಿನಾ ಸಂಜಿಗೆ ಅರ್ಧ ತಾಸು ಡೈರಿ ಬರಿ. ನಾನು ಅವಾಗ ಬರದಿದ್ದು ಈಗಲೂ ತಗದು ಓದ್ತೀನಿ.

ಗಂಗಾವತಿ_ತಂಗಿ:

ಅಕ್ಕಾರ, ಅಣ್ಣಾರ, ಎಲ್ಲಾರಿಗೂ ಬಹಳ ಥ್ಯಾಂಕ್ಸ್ ರೀ. ಬಳ್ಳಾರಿ ಅಪ್ಪಾರ, ನಿಮ್ಮ ಅಮ್ಮನ ವಿಷಯ ಓದಿ ಸುಮ್ಮನ ಕುಂತುಬಿಟ್ನಿ, ಖಂಡಿತ ನೋಡ್ಕೊಂಡು ಬರ್ತೀನಿ.

ಇವತ್ತು ಅಜ್ಜ ಬಂದಿದ್ರು. ಮಗನಿಗೆ ಫೋನ್ ಮಾಡಿ ಅಜ್ಜಂದು ಚೀಲ ಎತ್ತೋ ಕೊಕ್ಕಿ ತರಾಕ ಹೇಳಿದ್ನಿ, ಹಿಡಿ ಸವದು ಕರ್ರಗ ನುಣ್ಣಗ ಆಗಿತ್ತು. ಟೇಬಲ್ ಮ್ಯಾಲ ಇಟ್ಟು ನಾನು ಏನೂ ಕೇಳಲಿಲ್ಲ. ಅಜ್ಜ ಎಡಗೈಲೆ ತಗೊಂಡು ಹೆಬ್ಬಟ್ಟಿಲೆ ತಿಕ್ಕಿದ್ರು. ನಾನು ಮೂಲ್ಯಾಗಿದ್ದ ಖಾಲಿ ಬಾಕ್ಸ್ ಒಂದೊಂದ ಅವರ ಮುಂದ ತಂದು ಇಡಾಕ ಹತ್ತಿದ್ನಿ, ಮಿಲ್‌ನಾಗ ಚೀಲ ಇಟ್ಟಂಗ. ಮೊದಲನೇದು ಇಟ್ಟು ಹತ್ತರ ತನಕ ಎಣಿಸ್ಕೋತ ನಿಂತ್ನಿ ಅಕ್ಕಾ, ಏಳಕ್ಕ ಬಂದಿದ್ನಿ, ಅಜ್ಜ "ಲಾಭ" ಅಂದ್ರು.

ನನಗ ತಿಳೀಲಿಲ್ಲ. ಮಗ ಹಿಂದಿಂದ "ಮೇಡಮ್ಮಾರ, ಎಣಿಸಾಕತ್ಯಾರ ರೀ, ನಮ್ಮಲ್ಲಿ ಒಂದು ಅನ್ನಂಗಿಲ್ಲ, ಲಾಭ ಅಂತೀವಿ" ಅಂದ. ಎರಡನೇ ಬಾಕ್ಸ್ ಇಟ್ನಿ, "ಎರಡು". ಮೂರು. ನಾಕು. ಒಂಬತ್ತು ಬಾಕ್ಸ್ ಇದ್ದವು, ಒಂಬತ್ತೂ ಎಣಿಸಿದ್ರು. ಬಾಕ್ಸ್ ಮುಗದ ಮ್ಯಾಲ ಅಜ್ಜ ನನ್ನ ಕೈ ನೋಡಿದ್ರು, ಇನ್ನ ಅದಾವೇನು ಅಂತ. ಹೊರಗ ಹೋಗಿ ಫಾರ್ಮಸಿಯವ್ರ ಕಡಿಂದ ಮತ್ತ ಆರು ಬಾಕ್ಸ್ ಇಸ್ಕೊಂಡು ಬಂದ್ನಿ.

ಮನಿಗೆ ಬಂದು ಅಪ್ಪಗ ಇದನ್ನ ಹೇಳಿದ್ನಿ. ಅಪ್ಪ ಸ್ವಲ್ಪ ಹೊತ್ತು ಸುಮ್ಮನಿದ್ದು "ಪಾಸ್‌ಪೋರ್ಟ್‌ಗೆ ಏನೇನ್ ಕಾಗದ ಬೇಕು ಪಟ್ಟಿ ಮಾಡು" ಅಂದ್ರು.